ಎಡಗೈ ಹೊಲಿಗೆ

ಮಸ್ಕತ್ತಿನ ಒಪೆರಾ ಮನೆಯ ನೆಲಮಾಳಿಗೆಯಲ್ಲಿ
ಹನ್ನೊಂದು ವರ್ಷದಿಂದ ನಾನು, ಐತಪ್ಪ ಟೈಲರ್.
ಮೇಲೆ ಹಾಡಿದ್ದು ನನಗೆ ಕೇಳುವುದು ಕಾಲಿನಿಂದ:
ಮೆಷಿನಿನ ಪೆಡಲು ಸಣ್ಣಗೆ ನಡುಗುತ್ತದೆ, ಅಷ್ಟೆ.
ಯಾವ ಭಾಷೆಯೋ, ಯಾರ ದುಃಖವೋ.
ನನಗೆ ಗೊತ್ತಿರುವುದು ಎದೆಸುತ್ತಳತೆ.
ದೊಡ್ಡ ಸ್ವರಕ್ಕೆ ಏರುವ ಮುನ್ನ
ಲೋರಾಂತನ ಪಕ್ಕೆ ಎರಡೂವರೆ ಇಂಚು ಹಿಗ್ಗುತ್ತದೆ;
ಅಷ್ಟು ಬಟ್ಟೆ ಬಗಲಲ್ಲಿ ಮಡಚಿಟ್ಟಿರಬೇಕು.

ಮೂರನೇ ಅಂಕದಲ್ಲಿ ಅವನನ್ನು ಕೊಲ್ಲುವುದು ನಾತೆಲಾ,
ದಿನಾ ರಾತ್ರಿ ಒಂಬತ್ತೂ ನಲವತ್ತಕ್ಕೆ.
ಸ್ಪ್ರಿಂಗಿನ ಚಾಕು. ಅಲಗು ಹಿಡಿಯೊಳಗೆ ಹೋಗುತ್ತದೆ,
ನಾನು ಹೊಲಿದಿಟ್ಟ ಕೆಂಪು ನೀರಿನ ಚೀಲ ಒಡೆಯುತ್ತದೆ,
ಅಂಗಾತ ಬೀಳುತ್ತಾನೆ, ಬಿದ್ದ ಮೇಲೂ ಒಂದು ಪದ ಹಾಡುತ್ತಾನೆ.
ನಮ್ಮ ಕಡೆ ಆಟದಲ್ಲಿ ಸಾಯುವವರೂ ಕುಣಿದೇ ಸಾಯುವುದು,
ನನಗದು ವಿಚಿತ್ರ ಅನಿಸಿದ್ದಿಲ್ಲ.

ಗುರುವಾರ ಅವನು ಹಾಡಲಿಲ್ಲ.
ವಾದ್ಯದವರು ಕಾದರು. ಪಿಟೀಲುಗಳು ಒಂದೇ ಸ್ವರ ಎಳೆದವು,
ಎಳೆದೂ ಎಳೆದೂ
ಜನ ಅದನ್ನೂ ಸಂಗೀತವೆಂದುಕೊಂಡು ಚಪ್ಪಾಳೆ ತಟ್ಟಿದರು.

ಎದೆಯಲ್ಲಿ ಗಾಯವಿಲ್ಲ. ಚಾಕು ಎಂದಿನದೇ.
ಹೃದಯ ನಿಂತಿತು ಎಂದರು; ನಾತೆಲಾ ಅತ್ತಳು,
ಅವಳು ಅತ್ತದ್ದೂ ಮೇಲಿನ ಷಡ್ಜದಲ್ಲಿ.
ಮೂರನೇ ದಿನ ಡಾಕ್ಟರಿಗೆ ಬೆನ್ನಿನಲ್ಲೊಂದು ಚುಕ್ಕೆ ಸಿಕ್ಕಿತು,
ಎಳ್ಳಿಗಿಂತ ಚಿಕ್ಕದು.

ನಖೀಬ್ ಹಿಲಾಲ್ ಕೋಟನ್ನು ನನ್ನ ಮೇಜಿಗೆ ತಂದ,
ಮಗು ಮಲಗಿಸಿದ ಹಾಗೆ ಕವುಚಿ ಹಾಸಿದ.
ಅಸ್ತರಿನಲ್ಲಿ ಒಂದು ಬೆರಳಗಲ ಬಿಚ್ಚಿ ಮತ್ತೆ ಹೊಲಿದ ಜಾಗ,
ಒಳಗೆ, ಮೊನೆ ಮೇಲಾಗಿ, ಒಂದು ಸೂಜಿ.
ಬಿದ್ದವನ ಭಾರವೇ ಅದಕ್ಕೆ ಕೈ.

ಮೂರು ಹೊಲಿಗೆಗೊಂದು ಕುರುಡು ಗಂಟು.
ನೋಡಿದ ಕೂಡಲೇ ಬಾಯಿ ಒಣಗಿತು.
ಮೂಲ್ಕಿಯ ಅಂಗಡಿಯಲ್ಲಿ ಅಪ್ಪ ನನಗೆ ಕಲಿಸಿದ್ದು,
ನಾನು ಕಲಿಸಿದ್ದು ಒಬ್ಬಳಿಗೇ:
ನೆಗೊಂಬೊದ ದಿಲ್ರುಕ್ಷಿ, ವೇಷ ತೊಡಿಸುವವಳು.
ರಂಜಾನಿಗೆ ಮೊದಲು ಅವನ ಕೋಣೆಗೆ ಅಂಗಿ ಕೊಡಲು ಹೋದವಳು
ಬಂದು ಈ ಮೇಜಿನ ಕೆಳಗೆ ಕೂತಿದ್ದಳು, ಬೆಳಗಿನವರೆಗೆ.
ಹರಿದ ತೋಳನ್ನು ಹೊಲಿದುಕೊಟ್ಟೆ.
ಏನೂ ಕೇಳಲಿಲ್ಲ.
ದರ್ಜಿ ಕೇಳುವುದು ಅಳತೆಯೊಂದನ್ನೇ,
ಅಂತ ನನಗೆ ನಾನೇ ಹೇಳಿಕೊಂಡಿದ್ದೆ.

"ನಮ್ಮಮ್ಮ ಕುಮ್ಮಾ ಟೋಪಿ ಹೊಲಿಯುತ್ತಾಳೆ," ಎಂದ ನಖೀಬ್,
ತಲೆಯ ಟೋಪಿ ತೆಗೆದು ದೀಪಕ್ಕೆ ಹಿಡಿದ:
ನೂರಾರು ತೂತು, ಪ್ರತಿ ತೂತಿಗೂ ದಾರದ ಅಂಚು.
"ನಿಜ್ವಾ ಸಂತೆಯಲ್ಲಿ ಗುಡ್ಡೆ ಹಾಕಿದರೂ
ಅವಳದನ್ನು ಕಣ್ಣು ಮುಚ್ಚಿ ಆರಿಸುತ್ತೇನೆ.
ಇಲ್ಲಿ ನೋಡು, ದಾರ ವಾಲಿದ ದಿಕ್ಕು.
ಇದು ಎಡಗೈ."

ಹುಡುಗ ಸುಲೈಮಾನಿ ಚಹಾ ತಂದಿಟ್ಟ,
ನಖೀಬ್ ಲೋಟವನ್ನು ನನ್ನ ಬಲಕ್ಕೆ ಸರಿಸಿದ.
ಕೆಲಸವಿಲ್ಲದವನಂತೆ ಕೂತು ನೋಡಿದ.

ಬಲಗೈಯನ್ನು ತೊಡೆಯಡಿ ಇಟ್ಟುಕೊಂಡೆ.
ಎಡಗೈ ಮೇಜು ದಾಟಿ ಹೋಯಿತು, ಊರು ಗೊತ್ತಿಲ್ಲದವನ ಹಾಗೆ,
ಲೋಟ ಹಿಡಿಯಿತು, ತುಳುಕಿತು,
ಗಲ್ಲಕ್ಕೆ ಮೊದಲು ತಾಗಿ ಆಮೇಲೆ ತುಟಿಗೆ ಬಂತು.
ಅರವತ್ತು ವರ್ಷದಲ್ಲಿ ಎಡಗೈಯಲ್ಲಿ ಚಹಾ ಕುಡಿದದ್ದು ಅದೊಂದೇ ಸಲ.

ಮೇಜಿನ ಮೇಲೆ ನನ್ನ ಕತ್ತರಿ ಇತ್ತು,
ಬಲ ಹೆಬ್ಬೆರಳಿನ ಉಜ್ಜಿಗೆ ಹಿಡಿಯ ಬಣ್ಣ ಸವೆದ ಕತ್ತರಿ.
ಅವನು ಅದನ್ನು ನೋಡಿದ. ನನ್ನ ಅಂಗಿಯ ಕಲೆ ನೋಡಿದ.
ಟೋಪಿ ಹಾಕಿಕೊಂಡ.
"ಬಿಸಿಯಿತ್ತು," ಎಂದ, ಕೋಟು ಮಡಚುತ್ತ.

ಮೆಟ್ಟಿಲೇರುವ ಬೂಟಿನ ಸದ್ದು ಎಣಿಸಿದೆ,
ಹನ್ನೆರಡಕ್ಕೆ ನಿಂತಿತು.
ಮೆಟ್ಟಿಲು ಇರುವುದು ಹತ್ತೊಂಬತ್ತು.